ಆಚೆ ದಂಡೆಯ ರೇಟು

ನನ್ನ ಗೋದಾಮಿನಲ್ಲಿ ನಾಟಕದ ಹತ್ತೊಂಬತ್ತು ಪರದೆಗಳಿವೆ. ಅವುಗಳಲ್ಲಿ ಎಲ್ಲಕ್ಕಿಂತ ತುಟ್ಟಿಯದು ಹೊಳೆಯ ಪರದೆ. ಅದಕ್ಕೆ ಒಂಬತ್ತು ಸಾವಿರ ಕೊಟ್ಟಿದ್ದೇನೆ. ಇಪ್ಪತ್ತೆರಡು ಕಂಬ, ಸಿಂಹಾಸನ, ಗೋಡೆಯ ಮೇಲೆ ಹುಲಿಯ ತಲೆ, ಮೇಲೆ ತೂಗುವ ದೀಪಗಳ ಗೊಂಚಲು ಇರುವ ಅರಮನೆಯ ಪರದೆಗೆ ಆದದ್ದು ನಾಲ್ಕೂವರೆ ಸಾವಿರ. ಹಾಗಾದರೆ ಹೊಳೆಯ ಪರದೆಯ ಮೇಲೆ ಏನೇನಿದೆ ಎಂದು ಯಾರಾದರೂ ಕೇಳಿದರೆ ಹೇಳಲು ನನಗೇ ನಾಚಿಕೆಯಾಗುತ್ತದೆ. ಮೂರು ದೋಣಿ, ಒಂದು ಮೂಲೆಯಲ್ಲಿ ಒಂದಿಷ್ಟು ಜೊಂಡು, ಉಳಿದದ್ದೆಲ್ಲ ನೀರು. ಆಚೆ ದಂಡೆ ಅಂತ ಬೆರಳಗಲದ ಒಂದು ಗೆರೆ. ಆ ಒಂಬತ್ತು ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು ಹೋದದ್ದು ಆ ಗೆರೆಗೆ ಮತ್ತು ಅದರ ಮುಂದಿನ ಖಾಲಿ ನೀರಿಗೆ.

ಮಾರುಕಟ್ಟೆಯಲ್ಲಿ ಬದನೆಕಾಯಿಯ ತೊಟ್ಟಿನ ತೂಕಕ್ಕೂ ಜಗಳ ತೆಗೆಯುವ ಮನುಷ್ಯ ನಾನು. ಅಂಥವನು ಖಾಲಿ ಜಾಗಕ್ಕೆ ಅಷ್ಟು ಹಣ ಯಾಕೆ ಕೊಟ್ಟ ಎಂದು ತಿಳಿಯಬೇಕಾದರೆ ಅದನ್ನು ಬರೆದವರ ವಿಷಯ ಹೇಳಬೇಕು.

ಅವರ ಹೆಸರು ಹಾಕುವುದಿಲ್ಲ. ನನಗೆ ಅವರು ಕಾಕಾ, ಅವರ ಹೆಂಡತಿ ಕಾಕೂ. ಹೋದ ವರ್ಷ ಅವರು ತೀರಿಕೊಂಡ ಮೇಲೆ, ಹೀಗೊಂದು ಬರೆಯುತ್ತೇನೆಂದು ಅವರ ಹೆಂಡತಿಗೆ ಹೇಳಿದೆ. ಕಾಕೂ ನೂಲಿನ ಕಂಡಿಕೆ ಸುತ್ತುವುದನ್ನು ನಿಲ್ಲಿಸದೆಯೇ ಅಂದರು: "ಬರಿ. ಆದ್ರ ಹೆಸರ ಹಾಕಬ್ಯಾಡ ನೋಡಪಾ. ಓದಿದ ಮಂದಿ ಪರದಿ ಬರಸಾಕ ಬರ್ತಾರ. ಬಂದವರಿಗೆ ನಾ ಏನಂತ ಹೇಳ್ಲಿ? ಮ್ಯಾಲೆ ಹೋಗಿ ಕೇಳ್ರಿ ಅನ್ನಲೇನು?"

ನನ್ನದು ಜಮಖಂಡಿಯಲ್ಲಿ ನಾಟಕದ ಸೀನುಗಳನ್ನು ಬಾಡಿಗೆಗೆ ಕೊಡುವ ಧಂದೆ. ಸುತ್ತಲಿನ ಹಳ್ಳಿಗಳಲ್ಲಿ ಹುಡುಗರು ಸೇರಿ ನಾಟಕ ಆಡುತ್ತಾರೆ. ಪರದೆ, ದೀಪ, ಮೈಕು, ರಾಜನ ಕಿರೀಟದಿಂದ ಹಿಡಿದು ಹುಚ್ಚನ ಹರಕು ಅಂಗಿಯವರೆಗೆ ನಾನು ಒದಗಿಸುತ್ತೇನೆ. ಶುರು ಮಾಡಿದ್ದು ಬೇರೆಯವರ ಪರದೆಯ ಹಗ್ಗ ಎಳೆಯುವ ಕೂಲಿಯಿಂದ. ಆಮೇಲೆ ಒಂದು ಹಳೆಯ ಕಾಡಿನ ಪರದೆ ಕೊಂಡೆ. ಅದರಲ್ಲಿದ್ದ ಜಿಂಕೆಯ ಮುಖಕ್ಕೆ ಇಲಿ ತೂತು ಮಾಡಿತ್ತು. ಅದನ್ನು ತಿದ್ದಿಸಲೆಂದು ಬನಹಟ್ಟಿಗೆ ಹೋದಾಗ ಈ ಮನುಷ್ಯ ಸಿಕ್ಕರು.

ನೇಕಾರರ ಮನೆತನ. ಓಣಿಯ ಎರಡೂ ಕಡೆ ಮಗ್ಗಗಳ ಸಪ್ಪಳ. ಅವರ ಮನೆ ಮಾತ್ರ ಸುಮ್ಮನಿತ್ತು. ಮಗ್ಗದ ಮನೆಯನ್ನೇ ಖಾಲಿ ಮಾಡಿಸಿ, ನೆಲಕ್ಕೆ ಮಾದರಪಾಟದ ಬಟ್ಟೆ ಹಾಸಿಕೊಂಡು, ಅಂಟು ಕಾಯಿಸಿ, ಬಣ್ಣದ ಪುಡಿ ಕಲಸಿ ಪರದೆ ಬರೆಯುತ್ತಿದ್ದರು. ಬಿಳಿ ಧೋತರ, ತೋಳಿಲ್ಲದ ಬನಿಯನ್. ಬನಿಯನ್ನಿನ ಮೇಲೆ ಎಷ್ಟೋ ವರ್ಷಗಳ ಆಕಾಶ, ಕಾಡು, ಗುಡ್ಡ ಎಲ್ಲ ಇದ್ದವು. ಬಣ್ಣದ ಹದ ನೋಡಲು ಬೆರಳನ್ನು ಎದೆಗೆ ಒರೆಸಿಕೊಳ್ಳುವ ಚಟ. ಆ ಬನಿಯನ್ ನೋಡಿದರೆ ಈ ವಾರ ಯಾವ ಸೀನು ನಡೆದಿದೆ ಎಂದು ಯಾರಾದರೂ ಹೇಳಬಹುದಿತ್ತು.

ಜಿಂಕೆಯ ಮುಖ ತಿದ್ದಿಕೊಟ್ಟರು. ಅದಕ್ಕೆ ಐದು ರೂಪಾಯಿ ಅಂದರು. ನನಗೆ ಹುರುಪು ಬಂತು. ಇಷ್ಟು ಅಗ್ಗದ ಕಲಾವಿದ ಸಿಕ್ಕನಲ್ಲ, ಒಂದು ಹೊಸ ರಸ್ತೆಯ ಸೀನನ್ನೇ ಬರೆಸೋಣ ಎಂದುಕೊಂಡು ರೇಟು ಕೇಳಿದೆ. ಅವರು ಪರದೆಗೆ ಒಂದು ರೇಟು ಹೇಳಲಿಲ್ಲ. ಮೂರು ಹೇಳಿದರು. ಹತ್ತಿರದ್ದಕ್ಕೆ ಒಂದು, ನಡುವಿನದಕ್ಕೆ ಒಂದು, ದೂರದ್ದಕ್ಕೆ ಇನ್ನೊಂದು. ದೂರದ್ದು ಹತ್ತಿರದ್ದಕ್ಕಿಂತ ಮೂರು ಪಟ್ಟು. ನೆಲದ ಮೇಲಿದ್ದ ಬೇರೆ ಪರದೆಯೊಂದನ್ನು ತೋರಿಸಿ ಕೇಳಿದೆ:

"ಕಾಕಾ, ಇದ ಯಾವ ಊರ ಲೆಕ್ಕಾರೀ? ಈ ಮುಂದಿನ ಗಿಡದಾಗ ಸಾವಿರ ಎಲಿ ಬರದೀರಿ, ಅದು ಅಗ್ಗ. ಹಿಂದಿನ ಗುಡ್ಡಾ ಒಂದ ಸಲ ಕೈ ಆಡಸಿ ಮುಗಿಸೀರಿ, ಅದು ತುಟ್ಟಿ?"

"ಎಲಿ ಬರ್ಯಾಕ ಕೈ ಇದ್ರ ಸಾಕೋ ತಮ್ಮಾ. ಗುಡ್ಡಾ ಅಷ್ಟ ದೂರ ಇಟ್ಟ ಬರಬೇಕಂದ್ರ ನಾನ ಹೋಗಬೇಕಲ್ಲ? ಹೋಗಿ ಬರೂ ಬಸ್ ಚಾರ್ಜ್ ಅಂತ ತಿಳಕೋ."

"ಹಂಗಾದ್ರ ನನ್ನ ಪರದ್ಯಾಗ ಗುಡ್ಡಾ ಸ್ವಲ್ಪ ಸಮೀಪ ತಗೊಂಡ ಬರ್ರಿ. ಬಸ್ ಚಾರ್ಜ್ ಉಳೀತೈತಿ."

ಅವರು ನಕ್ಕು ಹಾಗೆಯೇ ಮಾಡಿಕೊಟ್ಟರು. ಗುಡ್ಡ ಹತ್ತಿರ ಬಂತು, ನನ್ನ ಹಣ ಉಳಿಯಿತು. ಪರದೆ ಕಟ್ಟಿದಾಗ ರಸ್ತೆ ಎರಡು ಹೆಜ್ಜೆಯಲ್ಲಿ ಮುಗಿದು ಗುಡ್ಡಕ್ಕೆ ಡಿಕ್ಕಿ ಹೊಡೆಯುವ ಹಾಗಿತ್ತು. ಊರು ಬಿಟ್ಟು ಹೋಗುವ ನಾಯಕ ಆ ರಸ್ತೆಯಲ್ಲಿ ಹೋಗುವುದಾದರೂ ಎಲ್ಲಿಗೆ? ಮುಂದಿನ ವರ್ಷ ಅದೇ ಪರದೆಯನ್ನು ಮೂರು ಪಟ್ಟು ಕೊಟ್ಟು ಮತ್ತೆ ಬರೆಸಿದೆ. ಚೌಕಾಸಿ ಮಾಡಬೇಕು, ಅದರಲ್ಲಿ ತಪ್ಪಿಲ್ಲ; ಆದರೆ ಕೊಳ್ಳುವ ಸರಕು ಯಾವುದೆಂದು ತಿಳಿದುಕೊಂಡು ಮಾಡಬೇಕು. ನಾನು ಕೊಳ್ಳುತ್ತಿದ್ದದ್ದು ಬಣ್ಣವಲ್ಲ, ದೂರ. ಎಂಟಡಿ ಆಳದ ನಾಟಕದ ಅಟ್ಟದ ಮೇಲೆ ಮೂರು ಮೈಲಿ ತೋರಿಸುವುದೇ ನನ್ನ ವ್ಯಾಪಾರ.

ಹೊಸ ಪರದೆಗೆ ಕೈ ಹಾಕುವ ಮೊದಲು ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಮಂದಿ ನೆಲದ ಮ್ಯಾಲೆ ಕುಂದರತಾರೋ, ಕುರ್ಚಿ ಮ್ಯಾಲೋ?" ಆಕಾಶ ಮತ್ತು ಭೂಮಿ ಕೂಡುವ ಗೆರೆ ನೋಡುವವರ ಕಣ್ಣಿನ ಮಟ್ಟಕ್ಕೆ ಬರಬೇಕೆಂಬುದು ಅವರ ಹಟ. ಕುರ್ಚಿಯವರಿಗೆ ಒಂದು ಮಟ್ಟ, ಚಾಪೆಯವರಿಗೆ ಇನ್ನೊಂದು. ಮುಧೋಳದಲ್ಲಿ ಒಂದು ಸಂಘದವರು ಮುಂದೆ ಕುರ್ಚಿ, ಹಿಂದೆ ಚಾಪೆ ಅಂದಾಗ ಅರ್ಧ ದಿನ ತಲೆ ಕೆರೆದುಕೊಂಡು ಕೂತಿದ್ದರು. ಕೊನೆಗೆ, "ಕುರ್ಚಿಯವರು ಹೆಂಗೂ ನಾಟಕ ನೋಡಂಗಿಲ್ಲ, ಹಿಂದ ಯಾರ್ ಬಂದಾರ ಅಂತ ಹೊಳ್ಳಿ ಹೊಳ್ಳಿ ನೋಡತಾರ" ಎಂದು ಚಾಪೆಯವರ ಕಣ್ಣಿಗೇ ಬರೆದರು.

ಅಟ್ಟದ ಮೇಲೆ ಸೀಮೆಸುಣ್ಣದ ಖಡುವಿನಿಂದ ಒಂದು ಗೆರೆ ಎಳೆದು, ಇದರ ಹಿಂದೆ ಯಾರೂ ಹೋಗಬಾರದು ಎಂದು ನಟರಿಗೆ ತಾಕೀತು ಮಾಡುತ್ತಿದ್ದರು. ಹಿಂದೆ ಹೋದಷ್ಟು ಗುಡ್ಡ ಸಣ್ಣದಾಗುತ್ತದೆ, ಮನುಷ್ಯ ದೊಡ್ಡವನಾಗುತ್ತಾನೆ, ಪರದೆಯ ದೂರವೆಲ್ಲ ಕೆಡುತ್ತದೆ. ತೇರದಾಳದ ಹತ್ತಿರದ ಒಂದು ಊರಿನಲ್ಲಿ ಹಗಲು ತಾಲೀಮು ನಡೆದಿತ್ತು. ಖಳನಾಯಕನ ಪಾತ್ರದವನು ಕಬ್ಬಿನ ಗಾಡಿ ಹೊಡೆಯುವ ಆಳೆತ್ತರದ ಆಸಾಮಿ. ನಾಯಕನಿಗೆ ಹೆದರಿ ಹಿಂದೆ ಸರಿಯುತ್ತ ಸರಿಯುತ್ತ ಪರದೆಗೆ ಬೆನ್ನು ಹಚ್ಚಿ ನಿಂತ. ಅವನ ತಲೆ ಗುಡ್ಡದ ತುದಿ ದಾಟಿ ಮೋಡದಲ್ಲಿತ್ತು. ತಾಲೀಮು ನೋಡಲು ನಿಂತ ಹೆಣ್ಣುಮಗಳೊಬ್ಬಳು ಕೂಗಿದಳು: "ಲೇ, ಹೆದರಿ ಓಡಿ ಹೋಗಂದ್ರ ಗುಡ್ಡಕ್ಕಿಂತ ದೊಡ್ಡಾವ ಆದ್ಯಲ್ಲೋ! ಇನ್ನ ಅಂವಾ ನಿನಗ ಹೆಂಗ ಹೊಡೀತಾನ?" ಎಲ್ಲರೂ ನಕ್ಕರು. ನಮ್ಮ ಕಾಕಾ ನಗಲಿಲ್ಲ. ಅಟ್ಟ ಹತ್ತಿ ಆ ಆಸಾಮಿಯ ಎರಡೂ ಕಾಲನ್ನು ತಾವೇ ಹಿಡಿದು ಗೆರೆಯ ಈಚೆಗೆ ಇಟ್ಟು, "ಅಲ್ಲಿ ನೀ ನಿಂದರೂದಲ್ಲಪಾ, ಅದು ಮೂರ ಮೈಲಿ ಆಚಿ ಐತಿ" ಅಂದರು.

ಇಷ್ಟೆಲ್ಲ ದೂರದ ಬಗ್ಗೆ ಮಾತಾಡುವ ಮನುಷ್ಯ ಬಸ್‌ಸ್ಟ್ಯಾಂಡಿನಲ್ಲಿ ಮಾತ್ರ, "ಇದ ಯಾವ ಊರ ಬಸ್ಸೋ?" ಎಂದು ನನ್ನನ್ನು ಕೇಳುತ್ತಿದ್ದರು. ಅಂಗಡಿಯ ಬೋರ್ಡಿನ ಅಕ್ಷರ ಮುತ್ತಿನಂತೆ ಬರೆಯುವವರಿಗೆ ಬಸ್ಸಿನ ಬೋರ್ಡು ಓದಲು ಏನು ಧಾಡಿ ಎಂದು ನನಗೆ ಸೋಜಿಗ. ಎರಡು ಮೂರು ಸಲ ಹೀಗಾದ ಮೇಲೆ ನನಗೆ ಸಂಶಯ ಬಂತು. ನಾನು ಸುಮ್ಮನಿರುವವನಲ್ಲ. ಯಾರಿಗೆ ಏನು ಬೇಕು ಎಂಬುದು ಅವರಿಗಿಂತ ಮೊದಲು ನನಗೆ ತಿಳಿಯುತ್ತದೆ ಎಂಬ ಜಂಬ ಒಂದಿದೆ ನನಗೆ. ಮುಧೋಳಕ್ಕೆ ಕರೆದುಕೊಂಡು ಹೋಗಿ ಕಣ್ಣು ತೋರಿಸಿದೆ. ಡಾಕ್ಟರರು ಗಾಜು ಹಾಕಿ ತೆಗೆದು, ಹಾಕಿ ತೆಗೆದು, "ಇಷ್ಟ ದಿನಾ ರಸ್ತಾ ಹೆಂಗ ದಾಟೀರಿ ಯಜಮಾನ್ರ?" ಎಂದು ಕೇಳಿದರು. ಹತ್ತಿರದ್ದು ಸ್ವಚ್ಛ ಕಾಣುತ್ತಿತ್ತು, ದೂರದ್ದೆಲ್ಲ ಮಬ್ಬು. ಹುಟ್ಟಿನಿಂದಲೂ ಹಾಗೇ. ಎಲ್ಲರಿಗೂ ಲೋಕ ಹಾಗೆಯೇ ಕಾಣುತ್ತದೆ ಎಂದುಕೊಂಡೇ ಅವರು ಐವತ್ತು ದಾಟಿದ್ದರು.

ಚಸ್ಮಾದ ಚೌಕಟ್ಟಿಗೆ ನಾನೇ ಚೌಕಾಸಿ ಮಾಡಿದೆ. ಅಂಗಡಿಯಿಂದ ಹೊರಗೆ ಬಂದವರು ಮೆಟ್ಟಿಲ ಮೇಲೆಯೇ ನಿಂತುಬಿಟ್ಟರು. ಎದುರು ಒಂದು ಬೇವಿನ ಗಿಡ.

"ತಮ್ಮಾ, ಆ ಗಿಡಕ್ಕ ಎಲಿ ಅದಾವಲ್ಲೋ!"

"ಗಿಡಕ್ಕ ಎಲಿ ಇರಲಾರದ ಮತ್ತೇನ ಇರತಾವ್ರೀ?"

"ಅಲ್ಲೋ, ಇಲ್ಲಿಂದನ ಕಾಣಾಕತ್ತಾವ! ಒಂದೊಂದ!"

ಆ ದಿನ ಬನಹಟ್ಟಿಯವರೆಗೆ ಬಸ್ಸಿನಲ್ಲಿ ಅವರು ನನಗೆ ಮಾತಾಡಗೊಡಲಿಲ್ಲ. ಕಬ್ಬಿನ ಗರಿ, ತಂತಿಯ ಮೇಲಿನ ಹಕ್ಕಿ, ಯಾರದೋ ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆ, ಎಲ್ಲವನ್ನೂ ನನಗೆ ತೋರಿಸಿದರು. ಮನೆಯ ಅಂಗಳದಲ್ಲಿ ನಿಂತು, ಒಳಗೆ ಪಡಸಾಲೆಯಲ್ಲಿ ನೆರೆಯವರ ಮಗ್ಗಕ್ಕೆ ಕಂಡಿಕೆ ಸುತ್ತುತ್ತಿದ್ದ ಕಾಕೂರನ್ನು ನೋಡಿ, "ಏನಬೇ, ನಿನ್ನ ಕೂದಲ ಯಾವಾಗ ಇಷ್ಟ ಬೆಳ್ಳಗಾದೂ?" ಅಂದರು.

ಕಾಕೂ ರಾಟೆ ತಿರುಗಿಸುತ್ತಲೇ ಉತ್ತರ ಕೊಟ್ಟರು: "ನೀವು ಗುಡ್ಡಾ ನೋಡಾಕ ಹೋದಾಗ. ಚಸ್ಮಾ ತಗೀರಿ, ಮತ್ತ ಸಣ್ಣಾಕಿ ಆಗ್ತೇನಿ."

ನಾನು ದೊಡ್ಡ ಪುಣ್ಯದ ಕೆಲಸ ಮಾಡಿದೆನೆಂದು ಬೀಗಿಕೊಂಡೇ ಜಮಖಂಡಿಗೆ ಹೋದೆ. ಆ ಜಂಬ ಇಳಿದದ್ದು ಹೊಳೆಯ ಪರದೆ ಬಂದಾಗ.

ಆಗಷ್ಟೇ ಆಲಮಟ್ಟಿಯ ಹಿನ್ನೀರು ಬೀಳಗಿಯ ಕಡೆ ತುಂಬಿ ನಿಂತಿತ್ತು. ಹೊಳೆಯ ದಂಡೆಯ ಊರುಗಳು ಎದ್ದು ಮೇಲಿನ ಹೊಸ ಜಾಗಕ್ಕೆ ಬಂದಿದ್ದವು. ಅಂಥ ಒಂದು ಹೊಸ ಊರಿನವರು ಹೊಸ ಊರಿನ ಮೊದಲ ನಾಟಕ ಆಡುವವರಿದ್ದರು. ಅವರ ಸಾಲೀ ಮಾಸ್ತರರೇ ಬರೆದ ಆಟ. ಅದರಲ್ಲಿ ತಂಗಿಯನ್ನು ಆಚೆ ದಂಡೆಯ ಊರಿಗೆ ಕೊಟ್ಟಿರುತ್ತಾರೆ. ಅಣ್ಣ ಈಚೆ ನಿಂತು ನೋಡುವ ಕೊನೆಯ ಸೀನು ಪೂರ್ತಿ ಹಿನ್ನೀರಿನ ದಂಡೆಯ ಮೇಲೆ. ಸಂಘದ ಹಿರಿಯ ಒಬ್ಬ ಮುದುಕ ಅಂಬಿಗ. ಜೀವಮಾನವೆಲ್ಲ ಅಲ್ಲಿ ದೋಣಿ ನಡೆಸಿದವನು. ಅವನು ನನ್ನ ಅಂಗಡಿಗೆ ಬಂದು ಹೇಳಿದ ಅಳತೆ ಇದು:

"ಮೊದಲಿನ ಹೊಳಿ ಒಂದ ಬೀಡಿ ಅಗಲ ಇತ್ತ್ರೀ. ಬೀಡಿ ಹಚ್ಚಿ ಹುಟ್ಟ ಹಾಕಿದ್ರ, ಮುಗ್ಯೂದ್ರಾಗ ಆಚಿ ದಂಡಿ. ಮಾತಾಡಿದ್ರ ಕೇಳ್ತಿತ್ತು. ಈಗ ನಾಕ್ ಬೀಡಿ. ಒದರಿದ್ರೂ ಕೇಳಂಗಿಲ್ಲ. ಪರದ್ಯಾಗ ನಾಕ್ ಬೀಡಿ ಹೊಳಿ ಬರಬೇಕ್ರಿ. ಕಡಿಮಿ ಆದ್ರ ಆಟ ಕೆಟ್ಟಂಗ. ಅಷ್ಟ ಸಮೀಪ ಇದ್ರ, ಹೋಗಿ ಮಾತಾಡಸಿ ಬಾರೋ ಅಂತಾರ ಮಂದಿ."

ನಾನು ಇದನ್ನು ಕಾಕಾರಿಗೆ ಒಪ್ಪಿಸಿದೆ. ಅವರಿಗೆ ಬಹಳ ಸಂತೋಷವಾಯಿತು. ಚಸ್ಮಾ ಹಾಕಿಕೊಂಡು ಬರೆಯುವ ಮೊದಲ ಪರದೆ. ಎಂಟು ದಿನ ಯಾರನ್ನೂ ಒಳಗೆ ಬಿಡಲಿಲ್ಲ. ಒಂಬತ್ತನೆಯ ದಿನ ಅಂಬಿಗನನ್ನೂ ಕರೆದುಕೊಂಡು ಹೋದೆ. ಪರದೆಯನ್ನು ಮಗ್ಗದ ಮನೆಯ ಗೋಡೆಗೆ ಇಳಿಬಿಟ್ಟಿದ್ದರು.

ಚೆಂದವಿತ್ತು. ಅದೇ ತೊಂದರೆ. ಆಚೆ ದಂಡೆಯ ಪ್ರತಿ ಗಿಡಕ್ಕೂ ಎಲೆ ಇದ್ದವು. ಒಂದು ಬೆಳ್ಳಕ್ಕಿಯ ಕೊಕ್ಕು, ಕೊಕ್ಕಿನಲ್ಲಿ ಮೀನು, ಮೀನಿಗೆ ಕಣ್ಣು. ನೀರಿನ ತೆರೆಗಳೆಲ್ಲ ಮೇಲಿನಿಂದ ಕೆಳಗಿನವರೆಗೆ ಒಂದೇ ಅಳತೆಯವು. ನೀರು ನೆಲಕ್ಕೆ ಮಲಗಿರಲಿಲ್ಲ. ಒಣಹಾಕಿದ ನೀಲಿ ಸೀರೆಯಂತೆ ಎದ್ದು ನಿಂತಿತ್ತು. ಅಂಬಿಗ ಸ್ವಲ್ಪ ಹೊತ್ತು ನೋಡಿ, ಅವರ ಮೇಲೆ ಗೌರವ ಇಟ್ಟುಕೊಂಡೇ ಹೇಳಿದ:

"ಕೆಲಸ ಛಲೋ ಐತ್ರಿ. ಆದ್ರ ಇದ್ರಾಗ ನಾ ಹುಟ್ಟ ಎತ್ತಿದ್ರ ಆಚಿ ದಂಡ್ಯಾಗ ಕುಂತ ಬೆಳ್ಳಕ್ಕಿಗೆ ಬಡೀತೈತ್ರಿ."

ಕಾಕಾ ಹಿಂದೆ ಹಿಂದೆ ನಡೆದು ಬಾಗಿಲಿಗೆ ಬೆನ್ನು ಹಚ್ಚಿ ನೋಡಿದರು. ಅವರ ಮುಖ ನೋಡಿದಾಗ ನನಗೆ ತಿಳಿಯಿತು, ಅವರಿಗೂ ಕಂಡಿದೆ. "ಖರೆ ಐತಿ" ಅಂದರು, ಅಷ್ಟೇ.

ಆಟಕ್ಕೆ ಹನ್ನೆರಡು ದಿನ ಉಳಿದಿತ್ತು. ನನಗೆ ನನ್ನ ಸಲಹೆಯ ಪೆಟ್ಟಿಗೆ ತೆರೆಯುವ ಚಟ. "ಅದರಾಗೇನೈತ್ರೀ ಕಾಕಾ, ಚಸ್ಮಾ ತಗದಿಟ್ಟು ಬರೀರಿ. ಮೊದಲಿನಂಗ ಆಗತೈತಿ" ಅಂದೆ. ತೆಗೆದಿಟ್ಟು ನೋಡಿದರು. ಒಂದು ಹಳೆಯ ಬಟ್ಟೆಯ ಮೇಲೆ ದೂರದ ಗಿಡವೊಂದನ್ನು ಬರೆಯಲು ಹೋದರು. ಕೈ ತಾನಾಗಿಯೇ ಎಲೆ ಇಡತೊಡಗಿತು. ಎಲೆ ಇವೆಯೆಂದು ಈಗ ಗೊತ್ತಾಗಿಬಿಟ್ಟಿತ್ತು. ಒರೆಸಿದರು, ಮತ್ತೆ ಬರೆದರು. ಮತ್ತೆ ಎಲೆ. ಕುಂಚವನ್ನು ನೀರಿಗೆ ಅದ್ದಿ, ಕೊಡವಿ, ಡಬ್ಬಿಯಲ್ಲಿ ತಲೆಕೆಳಗು ಮಾಡಿ ಇಟ್ಟರು.

"ಇನ್ನ ನಾ ಅಂಗಡಿ ಬೋರ್ಡ್ ಬರಕೋತ ಇರ್ತೇನೋ ತಮ್ಮಾ. ಅಕ್ಷರಕ್ಕ ದೂರ ಬೇಕಾಗಿಲ್ಲ. ಈ ಹೊಳಿ ಒಂದ ಬ್ಯಾರೇದಾವರ ಕಡೆ ಬರಸು."

ಹೆಚ್ಚಾಗಿ ನಗುತ್ತಲೇ ಮಾತಾಡುತ್ತಿದ್ದ ಮನುಷ್ಯ ಇದನ್ನು ನಗದೇ ಹೇಳಿದರು. ಮೂವತ್ತು ವರ್ಷ ಮಗ್ಗ ಬಿಟ್ಟು, ನೆಂಟರ ಮಾತು ಕೇಳಿಸಿಕೊಂಡು, ಇದೊಂದನ್ನೇ ನಂಬಿ ಬಂದವರು. ಅದನ್ನು ನಾನು ಒಂದು ಚಸ್ಮಾದಿಂದ ಕಳೆದಿದ್ದೆ. ಬೇರೆಯವರ ಕಡೆ ಬರೆಸುವುದು ಸುಲಭವಿತ್ತು. ಮುಧೋಳದಲ್ಲಿ ಇನ್ನೊಬ್ಬರಿದ್ದರು, ಅಗ್ಗವೂ ಇದ್ದರು. ನಾನು ಹೋಗಲಿಲ್ಲ. ಒಂದು ಮಾತು ಕೇಳಿದೆ: "ಚಸ್ಮಾ ಹಾಕ್ಕೊಂಡ ಮ್ಯಾಲೆ ಆ ಹಿನ್ನೀರ ನೋಡೀರೇನ್ರೀ?"

ನೋಡಿರಲಿಲ್ಲ. ಮೊದಲೇ ನೋಡಿದ್ದೇನೆಂದು ಮಗ್ಗದ ಮನೆಯಲ್ಲಿ ಕೂತೇ ಬರೆದಿದ್ದರು. ಮುಧೋಳದ ಬೇವಿನ ಎಲೆಗಳನ್ನು ಹೊತ್ತೊಯ್ದು ನಾಲ್ಕು ಬೀಡಿ ಆಚೆಯ ದಂಡೆಗೆ ಅಂಟಿಸಿಬಿಟ್ಟಿದ್ದರು.

ಮರುದಿನ ಬೆಳಗಿನ ಬಸ್ಸಿಗೆ ಹೊರಟೆವು. ಕಾಕೂನೂ ಬುತ್ತಿ ಕಟ್ಟಿಕೊಂಡು ಬಂದರು. "ಇವರನ್ನ ಒಬ್ಬರ್ನ ನೀರ ದಂಡೀಗೆ ಕಳಸಂಗಿಲ್ಲ ಈಗ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಬೀಳಗಿ ದಾಟಿ, ಇಳಿದು ಒಂದಿಷ್ಟು ನಡೆದು ದಂಡೆಗೆ ಬಂದೆವು. ಮುಳುಗಿದ ಜಾಲಿಗಿಡಗಳ ತುದಿ ಅಲ್ಲಲ್ಲಿ ನೀರಿನಿಂದ ಮೇಲೆ ಕಾಣುತ್ತಿತ್ತು. ಆಚೆ ದಂಡೆ ಇತ್ತು, ಇದೆಯೋ ಇಲ್ಲವೋ ಎಂಬಷ್ಟು.

ಕಾಕಾ ಚಸ್ಮಾವನ್ನು ಧೋತರದ ಅಂಚಿನಿಂದ ಒರೆಸಿ ಹಾಕಿಕೊಂಡು ನೋಡಿದರು. ತೆಗೆದು ನೋಡಿದರು. ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ಮಕ್ಕಳಂತೆ ಕೂಗಿದರು: "ತಮ್ಮಾ, ಎಲಿ ಕಾಣವಲ್ಲು! ಚಸ್ಮಾಕ್ಕೂ ದೂರ ಅನ್ನೂದು ಐತೋ!"

ಅವರು ಅಲ್ಲೇ ಕುಕ್ಕರಗಾಲಲ್ಲಿ ಕೂತು ನನಗೆ ಪಾಠ ಮಾಡತೊಡಗಿದರು. ಇಷ್ಟು ದಿನ ದೂರ ಎಂದರೆ ಮಬ್ಬು ಎಂದುಕೊಂಡಿದ್ದೆ, ಅದು ಮಬ್ಬಲ್ಲ. ಅಂಚು ನೆಟ್ಟಗೇ ಇದೆ, ನೋಡು. ಬಣ್ಣ ಮಾತ್ರ ಉಳಿದಿಲ್ಲ. ಹಸಿರು ದಾರಿಯಲ್ಲೇ ಎಲ್ಲೋ ಉದುರಿ ಹೋಗಿದೆ. ಕೊನೆ ಮುಟ್ಟಿದ್ದು ಬರೀ ನೀಲಿ, ಅದೂ ನೀರು ಬೆರೆಸಿದ ನೀಲಿ. "ದಂಡಿ ಆತು" ಅಂದರು. "ನೀರ ಹೆಂಗ ಮಲಗಸೂದು? ಅದ ತಿಳೀವಲ್ದು."

ಆಗ ಮಾತಾಡಿದವರು ಕಾಕೂ. ಅವರು ರೊಟ್ಟಿಯ ಗಂಟು ಬಿಚ್ಚುತ್ತ ಕೂತಿದ್ದರು. ಕಣ್ಣು ಮಾತ್ರ ನೀರಿನ ಮೇಲಿತ್ತು.

"ನೀವು ಇಡೀ ಹೊಳಿಗೆ ಒಂದ ನಂಬರ ನೂಲ ಹಾಕೀರಿ. ಅದಕ್ಕ ಎದ್ದ ನಿಂತೈತಿ."

"ಏನಂದಿ?"

"ನೋಡ್ರಲಾ. ಇಲ್ಲಿ ಕಾಲ ಬುಡಕ ತೆರಿ ಹತ್ತ ನಂಬರ ನೂಲಿನಂಗ ದಪ್ಪ ಅದಾವ, ಬಿಡಿ ಬಿಡಿ ಅದಾವ. ಆ ಜಾಲಿಗಿಡದ ಹತ್ರ ನಲವತ್ತ. ಅದರಾಚಿ ಎಂಬತ್ತ. ಆ ದಂಡಿ ಹತ್ರಂತೂ ನೂರರ ನೂಲು, ಎಳಿ ಎಳಿ ಕೂಡಿ ಬಿಟ್ಟಾವ, ಎಣಸಾಕ ಬರಂಗಿಲ್ಲ. ನೇಯೂ ಮನಿಯಾಗ ಹುಟ್ಟಿ ಇಷ್ಟ ಕಾಣಂಗಿಲ್ಲೇನ್ರೀ?"

ನೇಕಾರರಲ್ಲದ ಓದುಗರಿಗೆ ಒಂದು ಮಾತು: ನೂಲಿನ ನಂಬರು ಹೆಚ್ಚಿದಷ್ಟು ಎಳೆ ಸಣ್ಣ. ಕಾಕಾ ಹೆಂಡತಿಯನ್ನು ನೋಡಿದರು, ನೀರನ್ನು ನೋಡಿದರು. "ಈ ಮಾತ ಮೂವತ್ತ ವರ್ಷದ ಹಿಂದ ಹೇಳಾಕ ಏನಾಗಿತ್ತು ನಿನಗ?"

"ಮೂವತ್ತ ವರ್ಷದಾಗ ಒಮ್ಮೆರ ಕರಕೊಂಡ ಬಂದೀರೇನ್ರೀ ನನಗ?"

ಊಟ ಅರ್ಧಕ್ಕೇ ಬಿಟ್ಟು ಎದ್ದರು. ಆಮೇಲೆ ಅವರು ಮಾಡಿದ ಕೆಲಸವನ್ನು ಬೇರೆ ಯಾವ ಪೇಂಟರೂ ಮಾಡಿದ್ದನ್ನು ನಾನು ಕಂಡಿಲ್ಲ. ಬನಹಟ್ಟಿಗೆ ಬಂದವರೇ ಹೊಸ ಬಟ್ಟೆ ನೆಲಕ್ಕೆ ಹಾಸಿದರು. ಆಕಾಶ ಮತ್ತು ಆಚೆ ದಂಡೆಯ ತೆಳು ನೀಲಿ ಗೆರೆ ಮೊದಲು ಮುಗಿಸಿದರು. ನೀರಿಗೆ ತೆಳು ಬಣ್ಣ ಬಳಿದು ಒಣಗಲು ಬಿಟ್ಟರು. ಓಣಿಯ ಮನೆಗಳಿಂದ ಬೇರೆ ಬೇರೆ ನಂಬರಿನ ನೂಲು ತಂದರು. ಬಡಿಗರು ಹಲಗೆಗೆ ಬಣ್ಣದ ದಾರ ಹಿಡಿದು ಮೀಟಿ ಗೆರೆ ಹೊಡೆಯುತ್ತಾರಲ್ಲ, ಹಾಗೆ ನೂಲನ್ನು ಕಡುನೀಲಿಯಲ್ಲಿ ಅದ್ದಿ ಬಟ್ಟೆಯ ಮೇಲೆ ಬಿಗಿದು ಹಿಡಿಯಬೇಕು. ಒಂದು ತುದಿ ಕಾಕೂ, ಇನ್ನೊಂದು ತುದಿ ನಾನು. ನಡುವೆ ಅವರು ಹಗುರಾಗಿ ಮೀಟುತ್ತಾರೆ. ನೂಲು ಬಟ್ಟೆಗೆ ಒಂದು ಗಳಿಗೆ ತಾಗಿ ಏಳುತ್ತದೆ. ನಡುವೆ ಗಾಢ, ಎರಡೂ ತುದಿಗೆ ಮಾಸಿದ ಒಂದು ಗೇಣಿನ ಗೆರೆ ಬೀಳುತ್ತದೆ. ಅದೇ ತೆರೆ. ಮುಂದೆ ದಪ್ಪ ನೂಲು, ಗೆರೆಗಳ ನಡುವೆ ಅಂಗೈ ಜಾಗ. ಮೇಲೆ ಹೋದಂತೆ ಸಣ್ಣ ನೂಲು, ಬೆರಳ ಜಾಗ, ಆಮೇಲೆ ಕೂದಲ ಜಾಗ.

ನಾಲ್ಕು ದಿನ ಬಗ್ಗಿ ಬಗ್ಗಿ ನನ್ನ ಸೊಂಟ ಹೋಯಿತು. ನಾನು ತುದಿಯನ್ನು ಒಂದಿಷ್ಟು ಸಡಿಲ ಬಿಟ್ಟರೂ ಕಾಕೂ ಅತ್ತ ಕಡೆಯಿಂದ ಜಗ್ಗುತ್ತಿದ್ದರು: "ಸಾವ್ಕಾರ್ರ, ಚೌಕಾಸಿ ಮಾಡೂಮುಂದ ಬಿಗಿ ಹಿಡೀತಿ, ಇಲ್ಲ್ಯಾಕ ಸಡ್ಲ ಬಿಡ್ತಿ?" ಕಾಕಾ ನಗುತ್ತ ಮೀಟುತ್ತಿದ್ದರು. ಚಸ್ಮಾ ಮೂಗಿನ ಮೇಲೇ ಇತ್ತು.

ಒಣಗಿದ ಮೇಲೆ ಅದನ್ನು ಗೋಡೆಗೆ ಏರಿಸಿ ಪರೀಕ್ಷೆ ಮಾಡೋಣ ಎಂದೆ. ಅವರು ಒಪ್ಪಲಿಲ್ಲ. "ಹೊಳೀ ಮಂದಿ ಮುಂದ ಹೊಳಿ ಬಿಚ್ಚೂನು. ಅವರ ಹೇಳಲಿ, ನಾ ಪರದಿ ಬರೀಲೋ ಬೋರ್ಡ್ ಬರೀಲೋ." ಹೊಸ ಊರಿಗೆ ಆಟದ ದಿನ ಮಧ್ಯಾಹ್ನ ಹೋದೆವು. ಅಟ್ಟ ಹಾಕಿತ್ತು. ಬಿದಿರಿಗೆ ಕಟ್ಟಿ, ಹಗ್ಗ ನಾನೇ ಎಳೆದೆ. ಪರದೆ ಸುರುಳಿ ಬಿಚ್ಚಿಕೊಳ್ಳುತ್ತ ಇಳಿಯಿತು. ಕಾಕಾ ಅಟ್ಟದ ಹತ್ತಿರ ನಿಲ್ಲಲಿಲ್ಲ. ಜನ ಕೂರುವ ಜಾಗದ ಕಟ್ಟಕಡೆಗೆ ಹೋಗಿ ನೆಲದ ಮೇಲೆ ಕೂತರು. ಕಾಕೂ ಅವರ ಪಕ್ಕದಲ್ಲಿ.

ಅಂಬಿಗ ಮುದುಕ ಬಂದ. ಅಟ್ಟದಿಂದ ಇಪ್ಪತ್ತು ಹೆಜ್ಜೆಯಲ್ಲಿ ನಿಂತು ನೋಡಿದ. ಆಮೇಲೆ ಅವನ ಬಲಗೈ ಮೇಲೆ ಹೋಗಿ ಹುಬ್ಬಿನ ಮೇಲೆ ನಿಂತಿತು. ಬಿಸಿಲಿಗೆ ಅಡ್ಡ ಹಿಡಿದು ದೂರದ್ದನ್ನು ನೋಡುವಾಗ ಹಿಡಿಯುತ್ತೇವಲ್ಲ, ಹಾಗೆ. ಬಿಸಿಲು ಅವನ ಬೆನ್ನಿಗಿತ್ತು.

ನಾನು ತಡೆಯಲಾರದೆ ಕೇಳಿದೆ: "ಯಜಮಾನ್ರ, ಎಷ್ಟ ಬೀಡಿ?"

ಅವನು ಕೈ ಇಳಿಸಲಿಲ್ಲ. "ನಾಕ್" ಅಂದ. ಆಮೇಲೆ, "ಗಾಳಿ ಎದುರಾದ್ರ ಐದ."

ಹಿಂದೆ ತಿರುಗಿ ನೋಡಿದೆ. ಕಾಕಾ ಚಸ್ಮಾ ತೆಗೆದು ಒರೆಸುತ್ತಿದ್ದರು. ಒರೆಸಿದ್ದೇ ಒರೆಸಿದ್ದು. ಕಾಕೂ ಅವರ ಕೈಯಿಂದ ಅದನ್ನು ಕಸಿದುಕೊಂಡು, ತಮ್ಮ ಸೆರಗಿನಿಂದ ಒರೆಸಿ, ಅವರ ಮೂಗಿನ ಮೇಲೆ ತಾವೇ ಇಟ್ಟರು. ಊರೆಲ್ಲ ನೋಡುತ್ತಿತ್ತು.

ಬಾಡಿಗೆಯ ಲಾರಿಯಲ್ಲಿ ವಾಪಸು ಬರುವಾಗ ರೇಟಿನ ಮಾತು ತೆಗೆದೆ. ಎರಡು ಬಟ್ಟೆ, ಎರಡು ಸಲದ ಬಣ್ಣ, ದೂರದ ರೇಟು, ಅದರ ಮೇಲೆ ಒಬ್ಬ ಹೊಸ ಕಲಾವಿದೆಯ ಪಗಾರ ಎಂದು ಒಂಬತ್ತು ಸಾವಿರ ಹೇಳಿದರು. ನನ್ನ ನಾಲ್ಕು ದಿನದ ಕೂಲಿ ಮುರಿದುಕೊಳ್ಳಿ ಅಂದೆ. "ನೀ ನೂಲ ಸಡ್ಲ ಹಿಡದಿದ್ದಿ. ಅದಕ್ಕ ನಾವ ದಂಡ ಹಾಕಬೇಕು" ಅಂದರು ಕಾಕೂ. ಕೊಟ್ಟೆ.

ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಪರದೆ ಬರೆದರು. ಅಂಗಡಿಯ ಬೋರ್ಡಿನ ಮಾತು ಮತ್ತೆ ಎತ್ತಲಿಲ್ಲ. ಎಲ್ಲಿಗೆ ಹೋದರೂ ಕಾಕೂರನ್ನು ಕರೆದುಕೊಂಡು ಹೋಗುತ್ತಿದ್ದರು. ಹೊಲ, ಕೆರೆ, ಗುಡ್ಡ ಯಾವುದರ ಎದುರು ನಿಂತರೂ, "ಇದ ಎಷ್ಟನೇ ನಂಬರಬೇ?" ಎಂದು ಕೇಳುವುದು. ಕಾಕೂ ಹೇಳುವುದು. ಕೊನೆಯ ಎರಡು ವರ್ಷ ಕೈ ನಡುಗುತ್ತಿತ್ತು. ಆಗ ಕಾಕೂ ಮೀಟಿದರು, ಅವರು ನೂಲು ಹಿಡಿದರು.

ಈಗ ಅಚ್ಚು ಹಾಕಿದ ಪರದೆಗಳು ಬಂದಿವೆ, ಫೋಟೋದಂತೆ ಇರುತ್ತವೆ. ನಾನೂ ಐದು ಇಟ್ಟಿದ್ದೇನೆ, ಧಂದೆ ಧಂದೆಯೇ. ಆದರೆ ಹೊಳೆಯ ಸೀನು ಕೇಳಿದವರಿಗೆ ಈ ಒಂದೇ ಪರದೆ ಕೊಡುತ್ತೇನೆ, ಬಾಡಿಗೆಯೂ ದುಪ್ಪಟ್ಟು. ಒಬ್ಬರೂ ಇನ್ನೂ ತಕರಾರು ಮಾಡಿಲ್ಲ.

ಇಷ್ಟು ಓದಿದ್ದೀರಿ, ಬರಿಗೈಯಲ್ಲಿ ಕಳಿಸುವುದು ಸರಿಯಲ್ಲ. ಮನೆಗೋ ಅಂಗಡಿಗೋ ಒಂದು ಬಯಲಿನ, ನೀರಿನ, ಗುಡ್ಡದ ಚಿತ್ರ ಬರೆಸುವುದಿದ್ದರೆ ಖಾಲಿ ಜಾಗ ಎಣಿಸಿ ಹಣ ಕಡಿಮೆ ಮಾಡಬೇಡಿ. ನೀವು ಕೊಳ್ಳುವುದು ಅದನ್ನೇ. ಮೂಗು ಹಚ್ಚಿ ನೋಡಬೇಡಿ. ನೀವು ದಿನಾ ಎಲ್ಲಿ ಕೂರುತ್ತೀರೋ ಅಲ್ಲಿ ಕೂತು ನೋಡಿ, ಆಕಾಶದ ಗೆರೆ ನಿಮ್ಮ ಕಣ್ಣಿಗೆ ಸರಿಯಾಗಿ ಬರಲಿ. ದೂರದ ಗಿಡಕ್ಕೆ ಎಲೆ ಕಂಡರೆ ಅಳಿಸಲು ಹೇಳಿ. ಇನ್ನು, ಯಾರಿಗಾದರೂ ಒಳ್ಳೆಯದನ್ನು ಮಾಡಲು ಹೋಗಿ ಅವರ ಕೆಲಸಕ್ಕೆ ಪೆಟ್ಟು ಬಿದ್ದರೆ, ನನ್ನಂತೆ ಬಾಯಿಂದ ಸಲಹೆ ಕೊಡುತ್ತ ನಿಲ್ಲಬೇಡಿ. ಅವರ ಮನೆಗೆ ಹೋಗಿ, ಚಪ್ಪಲಿ ಹೊರಗೆ ಬಿಟ್ಟು, ಬಗ್ಗಿ ನೂಲಿನ ಒಂದು ತುದಿ ಹಿಡಿಯಿರಿ. ಬಿಗಿಯಾಗಿ ಹಿಡಿಯಿರಿ.